ಇವರು ನಿಮಗೆ ಏನಾಗಬೇಕು?

ನಾನು ನಿವೃತ್ತಳಾದ ಮೇಲೆ ನನ್ನ ಜಾಗಕ್ಕೆ ಬಂದ ಸ್ಮಿತಾ ಹೋದ ತಿಂಗಳು ಒಂದು ಭಾನುವಾರ ಅಂಕೋಲೆಯ ಹತ್ತಿರದ ಭಾವಿಕೇರಿಯ ನಮ್ಮ ಮನೆಗೆ ಬಂದಿದ್ದಳು. ಕೈಯಲ್ಲಿ ಹೊಸ ಪೆನ್‌ಡ್ರೈವ್. "ಮೇಡಂ, ಕ್ವಿಯರ್ ರಾಜಕಾರಣದ ಪೇಪರನ್ನ ಈ ವರ್ಷದಿಂದ ನನಗೇ ಕೊಟ್ಟಿದ್ದಾರೆ. ನಿಮ್ಮ ನೋಟ್ಸ್ ಇದ್ದರೆ ಇದಕ್ಕೆ ಹಾಕಿಕೊಡಿ" ಅಂದಳು.

ಹಾಕಿಕೊಟ್ಟೆ. ಚಹಾ ಕುಡಿದು ಹೋದಳು. ಅವಳು ಹೋದ ಮೇಲೆ ಯಾಕೋ ನನಗೆ ಸಮಾಧಾನವಾಗಲಿಲ್ಲ. ಆ ನೋಟ್ಸಿನಲ್ಲಿ ಯಾವ ಚಿಂತಕರು ಏನು ಹೇಳಿದ್ದಾರೆ, ಯಾವ ತೀರ್ಪಿನಲ್ಲಿ ಏನಿದೆ ಎಂಬುದೆಲ್ಲ ಇದೆ. ಈ ಪಾಠ ಮಾಡುತ್ತ, ಇದರ ಬಗ್ಗೆ ಸಂಶೋಧನೆ ಮಾಡುತ್ತ ನಾನು ಮಾಡಿದ ತಪ್ಪುಗಳು ಅದರಲ್ಲಿಲ್ಲ. ಸ್ಮಿತಾಳಿಗೆ ನಾಳೆ ಬೇಕಾಗುವುದು ಅವೇ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಕಾರವಾರದ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ರಾಜಕೀಯ ಸಿದ್ಧಾಂತ ಕಲಿಸಿದೆ. ಅಂಕೋಲೆಯಿಂದ ದಿನಾ ಬಸ್ಸು. ಬಿಣಗಾ ಘಟ್ಟ ಇಳಿಯುವಷ್ಟರಲ್ಲಿ ಆ ದಿನದ ಪಾಠ ತಲೆಯಲ್ಲಿ ತಯಾರಾಗಿರುತ್ತಿತ್ತು. ಮೊದಲ ಇಪ್ಪತ್ತು ವರ್ಷ ಎಲ್ಲರೂ ಕಲಿಸುವುದನ್ನೇ ನಾನೂ ಕಲಿಸಿದೆ: ಸ್ವಾತಂತ್ರ್ಯ, ಸಮಾನತೆ, ರಾಜ್ಯ, ನಾಗರಿಕ. ಪುಸ್ತಕದಲ್ಲಿರುವ ನಾಗರಿಕನಿಗೆ ಮನೆ ಇರುವುದಿಲ್ಲ, ಅಡುಗೆ ಇರುವುದಿಲ್ಲ, ಯಾರ ಮೇಲೂ ಪ್ರೀತಿ ಇರುವುದಿಲ್ಲ. ಹಾಗಿರುವ ಒಬ್ಬ ಮನುಷ್ಯನನ್ನೂ ನಾನು ನಮ್ಮ ತಾಲೂಕಿನಲ್ಲಿ ಕಂಡಿರಲಿಲ್ಲ. ಆದರೂ ಕಲಿಸಿದೆ.

ಇಬ್ಬರು ವಯಸ್ಕರ ಪ್ರೀತಿ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ ವರ್ಷ ನಮ್ಮ ಕಾಲೇಜಿಗೆ ಹೊಸ ಐಚ್ಛಿಕ ಪೇಪರುಗಳನ್ನು ಸೂಚಿಸುವ ಅವಕಾಶ ಬಂತು. ಗಂಡು ಹೆಣ್ಣಿನ ಮದುವೆಯ ಚೌಕಟ್ಟಿಗೆ ಹಿಡಿಸದ ಬದುಕುಗಳು ಪ್ರಜಾಪ್ರಭುತ್ವದೊಳಗೆ ತಮ್ಮ ಜಾಗವನ್ನು ಹೇಗೆ ಕೇಳುತ್ತವೆ ಎನ್ನುವುದರ ಮೇಲೆ ಒಂದು ಪೇಪರು ಮಾಡೋಣ ಅಂತ ನಾನು ಬರೆದುಕೊಟ್ಟೆ. ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದವರು ಪ್ರಭು ಸರ್. ಅಕ್ಷರ ದುಂಡಗೆ, ಅಂಗಿ ಬಿಳಿ, ತಮಾಷೆ ಇಲ್ಲ. ನನ್ನ ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಇದು ಪಟ್ಟಣದ ವಿಷಯ ಅಲ್ಲವೇನಮ್ಮ? ನಮ್ಮಲ್ಲಿ ಯಾರಿದ್ದಾರೆ?"

"ಇದ್ದಾರೋ ಇಲ್ಲವೋ ಗೊತ್ತಾಗಬೇಕಾದರೂ ಪಾಠ ಬೇಕಲ್ಲ ಸರ್" ಅಂದೆ. ಅವರು ಸಹಿ ಹಾಕಿದರು. ಒಪ್ಪಿ ಹಾಕಿದ ಸಹಿ ಅಲ್ಲ, ನನ್ನ ಮೇಲಿನ ನಂಬಿಕೆಗೆ ಹಾಕಿದ್ದು.

ಮೊದಲ ವರ್ಷ ಹದಿನೇಳು ವಿದ್ಯಾರ್ಥಿಗಳು ಸೇರಿದರು. ಮೊದಲ ವಾರದಲ್ಲೇ ನನ್ನ ಮೊದಲ ತಪ್ಪು. ತೀರ್ಪನ್ನು ವಿವರಿಸುತ್ತ ನಾನು, "ಅವರು ನಮ್ಮ ಹಾಗೇ ಮನುಷ್ಯರು. ಅವರು ನಮ್ಮ ನಡುವೆಯೇ ಇರಬಹುದು. ಈ ಕ್ಲಾಸಿನಲ್ಲೂ ಇರಬಹುದು" ಎಂದೆ. ತುಂಬ ಉದಾರವಾದ ಮಾತು ಆಡಿದೆ ಅಂತ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಮರುದಿನದಿಂದ ಪ್ರತೀಕ್ಷಾ ಎಂಬ ಹುಡುಗಿ ಕ್ಲಾಸಿಗೆ ಬರಲಿಲ್ಲ. ಎರಡು ವಾರದ ಮೇಲೆ ಗ್ರಂಥಾಲಯದಲ್ಲಿ ಸಿಕ್ಕಳು. ಸದಾಶಿವಗಡದ ಕಡೆಯವಳು, ಮನೆಮಾತು ಕೊಂಕಣಿ, ಕನ್ನಡವನ್ನು ಅಳೆದು ಮಾತನಾಡುವವಳು. ಯಾಕೆ ಬರುತ್ತಿಲ್ಲ ಎಂದು ಕೇಳಿದೆ.

"ಮೇಡಂ, ನೀವು 'ಈ ಕ್ಲಾಸಲ್ಲೂ ಇರಬಹುದು' ಅಂದ ಕೂಡಲೇ ಎಲ್ಲರೂ ತಿರುಗಿ ತಿರುಗಿ ನೋಡಿದ್ರು. ನನ್ನ ಕೂದಲು ಗಿಡ್ಡ ಅಲ್ವಾ? ನನ್ನ ಮೇಲೇ ನಿಂತಿತು ಎಲ್ಲರ ಕಣ್ಣು. ನಾನು ಏನು ಅಂತ ನನಗೇ ಇನ್ನೂ ಗೊತ್ತಿಲ್ಲ. ಅವರಿಗೆ ಅಷ್ಟೊತ್ತಿಗೆ ಗೊತ್ತಾಗಿಹೋಗಿತ್ತು."

ನಾನು ಕ್ಷಮಿಸು ಅಂದೆ. ಅವಳು ತಲೆ ಅಲ್ಲಾಡಿಸಿ, "ಕ್ಷಮೆ ಬೇಡ ಮೇಡಂ. 'ಅವರು' ಅನ್ನೋದನ್ನ ಬಿಡಿ. ನೀವು 'ಅವರು' ಅಂದಾಗ ನೀವು ಎಲ್ಲಿ ನಿಂತಿದ್ದೀರಿ ಅಂತ ಗೊತ್ತಾಗ್ತದೆ" ಎಂದಳು.

ಇಪ್ಪತ್ತರ ಹುಡುಗಿ ಐವತ್ತು ದಾಟಿದವಳಿಗೆ ಕಲಿಸಿದ ಪಾಠ ಅದು. ಆ ವಾರ ನನ್ನ ಪಾಠವನ್ನು ಪೂರ್ತಿ ಬದಲಾಯಿಸಿದೆ. "ನಿಮ್ಮ ಮನೆಯಲ್ಲಿರುವ ಯಾವುದಾದರೂ ಸರಕಾರಿ ಅರ್ಜಿ ನಮೂನೆ ತನ್ನಿ" ಎಂದೆ. ರೇಶನ್ ಕಾರ್ಡು, ಪಿಂಚಣಿ ಅರ್ಜಿ, ಆಸ್ಪತ್ರೆಯ ಕಾಗದ, ಬ್ಯಾಂಕಿನ ಫಾರಂ ಎಲ್ಲ ಬಂದವು. ಅವೆಲ್ಲದರಲ್ಲೂ ಒಂದು ಖಾನೆ ಇತ್ತು: ಸಂಬಂಧ. ಆ ಖಾನೆಯಲ್ಲಿ ಬರೆಯಲು ಪದ ಸಿಗದ ಯಾರಾದರೂ ನಿಮ್ಮ ಮನೆಯಲ್ಲಿದ್ದಾರೆಯೇ ಅಂತ ಕೇಳಿದೆ. ಹದಿನೇಳರಲ್ಲಿ ಒಂಬತ್ತು ಕೈ ಮೇಲೆ ಬಂದವು. ಒಬ್ಬಳನ್ನು ಸಾಕಿದ್ದು ಅಜ್ಜನ ಗೆಳೆಯ. ಒಬ್ಬನ ಮನೆಯಲ್ಲಿ ಅಪ್ಪನ ದೋಣಿಯ ಜೊತೆಗಾರ ಮೂವತ್ತು ವರ್ಷದಿಂದ ಇದ್ದ. ಯಾರು ಯಾರಿಗೆ ಏನಾಗಬೇಕು ಎಂದು ತೀರ್ಮಾನಿಸುವ ಅಧಿಕಾರ ಯಾರಿಗಿದೆ? ಪ್ರಜಾಪ್ರಭುತ್ವದ ಪಾಠವನ್ನು ಅಲ್ಲಿಂದ ಶುರುಮಾಡಿದೆ. ಪ್ರತೀಕ್ಷಾ ಮತ್ತೆ ಬಂದು ಮುಂದಿನ ಬೆಂಚಿನಲ್ಲಿ ಕೂತಳು.

ಪಾಠ ಹಾಗೆ ದಾರಿಗೆ ಬಂತು. ಸಂಶೋಧನೆಯಲ್ಲಿ ಎಡವಿದೆ.

ಬೇಲೆಕೇರಿಯ ಶೇವಂತಿ ನಮ್ಮ ಮನೆಗೆ ಮೀನು ತಂದು ಕೊಡುವವಳು. ಬುಟ್ಟಿ ಇಳಿಸಿ, ಅಮ್ಮನ ಹತ್ತಿರ ಊರಿನ ಸುದ್ದಿ ಹೇಳಿ, ನೀರು ಕುಡಿದು ಮುಂದಿನ ಮನೆಗೆ ಹೋಗುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಇಪ್ಪತ್ತಕ್ಕೆ ತವರಿಗೆ ತಿರುಗಿ ಬಂದವಳು ಆಮೇಲೆ ಗಂಡನ ಮನೆಯ ಮಾತೆತ್ತಲಿಲ್ಲ. ಅವಳ ಜೊತೆ ನಾಗವೇಣಿ ಇದ್ದಳು. ನಾಗವೇಣಿ ರಾಮನಗುಳಿಯ ಕಡೆಯ ಬೇಸಾಯದ ಮನೆಯವಳು. ಬೇಲೆಕೇರಿ ಬಂದರಿನಲ್ಲಿ ಅದಿರು ತುಂಬುವ ಕಾಲದಲ್ಲಿ ಅಲ್ಲಿಯ ಲಾರಿ ಚಾಲಕರ ಕ್ಯಾಂಟೀನಿಗೆ ಅಡುಗೆ ಕೆಲಸಕ್ಕೆಂದು ಬಂದಿದ್ದಳು. ಶೇವಂತಿಗೆ ಟೈಫಾಯ್ಡು ಬಂದು ಮಲಗಿದಾಗ ಗಂಜಿ ತಂದುಕೊಡಲು ಹೋದವಳು ಅಲ್ಲೇ ಉಳಿದಳು. ಅದಿರಿನ ಲಾರಿಗಳು ನಿಂತವು, ಕ್ಯಾಂಟೀನು ಮುಚ್ಚಿತು, ನಾಗವೇಣಿ ಹೋಗಲಿಲ್ಲ. ಊರವರು ಅವರನ್ನು ಅಕ್ಕ ತಂಗಿ ಅಂತ ಕರೆಯುತ್ತಿದ್ದರು. ಅಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಹೇಳದೆ ಬಿಡುವುದು ಊರು ಅವರಿಗೆ ಮಾಡಿದ ಉಪಕಾರವಾಗಿತ್ತು. ಅಷ್ಟು ಓದಿದ ನನಗೆ ಅದು ಅರ್ಥವಾಗಿರಲಿಲ್ಲ.

ಮದುವೆಯಿಂದ ಆಗದ ಮನೆಗಳು ಸರಕಾರದೊಂದಿಗೆ ಹೇಗೆ ವ್ಯವಹರಿಸುತ್ತವೆ ಎಂಬುದು ನನ್ನ ಸಂಶೋಧನೆಯ ವಿಷಯ. ಶೇವಂತಿಯನ್ನು ಕೇಳಿದೆ. "ಅಕ್ಕೋರು ಕೇಳೂದು ಹೆಚ್ಚೋ ನಾವ್ ಹೇಳೂದು ಹೆಚ್ಚೋ, ಬನ್ನಿ" ಅಂದಳು. ನಮ್ಮ ಕಡೆ ಕಲಿಸುವ ಹೆಂಗಸು ಯಾರಾದರೂ ಅಕ್ಕೋರೇ. ಸುಮಾರು ಒಂದು ವರ್ಷ ಅವರ ಮನೆಗೆ ಹೋದೆ. ಶೇವಂತಿ ಬಲೆಯ ಚೂರಿನ ಮೇಲೆ ಶೆಟ್ಲಿ ಸಿಗಡಿ ಒಣಹಾಕುತ್ತ ಮಾತನಾಡುತ್ತಿದ್ದಳು. ನಾಗವೇಣಿ ಹೆಚ್ಚು ಮಾತಿಲ್ಲದವಳು. ಒಂದು ದಿನ ಮಾತ್ರ ಕೇಳಿದಳು: "ಇದ್ನೆಲ್ಲ ಬರ್ದ್ರೆ ಯಾರ್ ಓದ್ತ್ರು ಅಕ್ಕೋರೆ?"

"ದೂರದ ಊರಿನ ಪ್ರೊಫೆಸರುಗಳು. ಹೆಸರು ಬದಲಾಯಿಸ್ತೇನೆ. ಯಾರಿಗೂ ಗೊತ್ತಾಗೋದಿಲ್ಲ."

ಈ ಮಾತನ್ನು ನಾನು ಆಣೆ ಇಟ್ಟ ಹಾಗೆ ಹೇಳಿದ್ದೆ.

ಇಂಗ್ಲಿಷಿನಲ್ಲಿ ಬರೆದ ಪ್ರಬಂಧವನ್ನು ಬೇಲೆಕೇರಿಯಲ್ಲಿ ಯಾರೂ ಓದಲಿಲ್ಲ, ಅದು ನಿಜ. ಆದರೆ ಅದಕ್ಕೆ ಬಂದ ಮೆಚ್ಚುಗೆ ನನ್ನ ತಲೆಗೇರಿತು. ನಮ್ಮವರಿಗೂ ತಿಳಿಯಲಿ ಎಂದು ಕನ್ನಡ ಪತ್ರಿಕೆಯೊಂದರ ವಾರದ ಪುರವಣಿಗೆ ಅದನ್ನೇ ಕಥೆಯ ಹಾಗೆ ಬರೆದುಕೊಟ್ಟೆ. ಹೆಸರು ಬದಲಾಯಿಸಿದ್ದೆ. ಊರನ್ನು 'ಕರಾವಳಿಯ ಒಂದು ಹಳ್ಳಿ' ಮಾಡಿದ್ದೆ. ಆದರೆ ಬರಹಕ್ಕೆ ಜೀವ ಬರಲಿ ಅಂತ ಶೇವಂತಿಯ ಮೈಮೇಲಿನ ಒಂದು ಗುರುತನ್ನು ಬರೆದಿದ್ದೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನದಿ ದಂಡೆಯ ಊರಿಂದ ಬಂದವಳು, ಬಂದರಿನ ಕ್ಯಾಂಟೀನು ಎಂದೂ ಬರೆದಿದ್ದೆ. ಇಷ್ಟಾದ ಮೇಲೆ ಹೆಸರು ಬದಲಾಯಿಸಿ ಏನು ಬಂತು?

ಪುರವಣಿ ಬಂದ ವಾರ ನಮ್ಮ ಮನೆಗೆ ಮೀನು ಬರಲಿಲ್ಲ. ಮರುವಾರವೂ ಇಲ್ಲ. "ಶೇವಂತಿಗೆ ಮೈ ಹುಷಾರಿಲ್ವೋ ಏನೋ, ನೋಡ್ಕಂಡ್ ಬಾರೇ" ಎಂದು ಅಮ್ಮ ಎರಡು ಸಲ ಹೇಳಿದಳು. ನಾನು ಪರೀಕ್ಷೆಯ ಪೇಪರು ತಿದ್ದುವುದರಲ್ಲಿದ್ದೆ. ಅಷ್ಟರಲ್ಲಿ ಪ್ರತೀಕ್ಷಾ ಫೋನು ಮಾಡಿದಳು. ಅವಳಾಗ ಓದು ಮುಗಿಸಿ ಅಂಕೋಲೆಯ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. "ಮೇಡಂ, ನಿಮ್ಮ ಲೇಖನದ ಫೋಟೋ ಇಲ್ಲಿಯ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡ್ತಾ ಇದೆ. ಕೆಳಗೆ ಅವರ ಹೆಸರು ಬರೆದಿದ್ದಾರೆ. ನಿಜವಾದ ಹೆಸರು."

ನಾನು ಚಪ್ಪಲಿ ಮೆಟ್ಟಿ ಹೊರಟೆ. ಅಂಗಳ ದಾಟುವ ಮೊದಲೇ ಶೇವಂತಿ ಎದುರಿಗೆ ಬಂದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಅವಳನ್ನು ಬುಟ್ಟಿ ಇಲ್ಲದೆ ನಮ್ಮ ಅಂಗಳದಲ್ಲಿ ನೋಡಿದ್ದು ಅದೇ ಮೊದಲು. ಜಗಲಿಯ ತುದಿಯಲ್ಲಿ ಕೂತಳು.

"ನಾಗವೇಣಿನ ಅವ್ಳ ಅಣ್ಣ ಬಂದ್ ಕರ್ಕಂಡ್ ಹೋದ, ಅಕ್ಕೋರೆ. ಎಂಟ್ ದಿನ ಆತು."

ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ.

"ಪೇಪರ್ನ ಓದ್ಸಿ ಕೇಳ್ದೆ. ಎರಡ್ ಸಲ ಓದ್ಸಿದೆ. ನೀವ್ ಬರ್ದದ್ರಲ್ಲಿ ಸುಳ್ಳು ಒಂದೂ ಇಲ್ಲ. ಸುಳ್ಳಾಗಿದ್ರೆ ಅಲ್ಲ ಹೇಳೂಕಾದ್ರೂ ಆಗ್ತಿತ್ತು."

ಒಳಗಿನಿಂದ ಅಮ್ಮ ಬಂದು ಅವಳ ಪಕ್ಕ ಕೂತು ಬೆನ್ನ ಮೇಲೆ ಕೈ ಇಟ್ಟಳು. ಆಗ ಶೇವಂತಿ ಅತ್ತಳು. ನಾನು ನಿಂತೇ ಇದ್ದೆ.

ಮರುದಿನ ಕಾಲೇಜಿಗೆ ಹೋಗಿ ಪ್ರಭು ಸರ್‌ಗೆ ಎಲ್ಲವನ್ನೂ ಹೇಳಿದೆ. ಆ ಪ್ರಬಂಧವನ್ನು ಎಲ್ಲ ಕಡೆಯಿಂದ ಹಿಂತೆಗೆದುಕೊಳ್ಳುತ್ತೇನೆ ಎಂದೆ. ವಿಭಾಗದ ಸಾಧನೆಯ ಪಟ್ಟಿಯಲ್ಲಿ ಆ ವರ್ಷ ಎದ್ದು ಕಾಣುತ್ತಿದ್ದದ್ದು ಅದೊಂದೇ, ತಪಾಸಣಾ ಸಮಿತಿ ಬರುವುದಕ್ಕೆ ತಿಂಗಳಿತ್ತು. ಅವರು ಪಟ್ಟಿ ತರಿಸಿ ತಮ್ಮ ಕೈಯಿಂದಲೇ ಆ ಸಾಲನ್ನು ಹೊಡೆದುಹಾಕಿದರು. ಪತ್ರಿಕೆಯ ಸಂಪಾದಕರಿಗೆ ಅಂತರ್ಜಾಲದಿಂದ ಲೇಖನ ತೆಗೆಯುವಂತೆ ವಿಭಾಗದ ಪರವಾಗಿ ಅವರೇ ಪತ್ರ ಬರೆದರು. ಸಮಿತಿಯವರು ಯಾಕೆ ಎಂದು ಕೇಳಿದಾಗ "ನನ್ನ ಮೇಲುಸ್ತುವಾರಿಯ ದೋಷ" ಎಂದರು. ನನ್ನ ಹೆಸರು ಎತ್ತಲಿಲ್ಲ. ಆ ದಿನ ಸಂಜೆ ನನ್ನನ್ನು ಕರೆದು, "ನಮ್ಮಲ್ಲಿ ಯಾರಿದ್ದಾರೆ ಅಂತ ಕೇಳಿದ್ದೆನಲ್ಲಮ್ಮ, ಆ ಪ್ರಶ್ನೆ ಸರಿಯಿರಲಿಲ್ಲ. ಇದ್ದವರಿಗೆ ನಮ್ಮಿಂದ ಏನು ತೊಂದರೆಯಾಗಬಹುದು ಅಂತ ಕೇಳಬೇಕಿತ್ತು" ಎಂದರು. ಅಷ್ಟು ಉದ್ದದ ಮಾತನ್ನು ಅವರು ಪಾಠದ ಹೊರಗೆ ಆಡಿದ್ದು ನನಗೆ ನೆನಪಿಲ್ಲ.

ಶೇವಂತಿ ಅತ್ತು ಹೋದ ವಾರದ ಶನಿವಾರವೇ ಅವಳೂ ನಾನೂ ಯಲ್ಲಾಪುರದ ಬಸ್ಸು ಹಿಡಿದು ರಾಮನಗುಳಿಗೆ ಹೋದೆವು. ಗಂಗಾವಳಿಯ ದಂಡೆ ಶುರುವಾದ ಮೇಲೆ ಶೇವಂತಿ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಈ ದಾರಿ ಅವ್ಳು ಎಷ್ಟ್ ಸಲ ಹೇಳಿದ್ಳು. ನೋಡ್ಲೇ ಇಲ್ಲಾಗಿತ್ತು" ಅಂದಳು.

ನಾಗವೇಣಿಯ ಅಣ್ಣ ಗಣಪು ಗದ್ದೆಯ ಕಡೆಯಿಂದ ಬಂದ. ಒರಟ ಎಂದುಕೊಂಡು ಹೋಗಿದ್ದೆ. ಅವನು ಚಾಪೆ ಹಾಸಿ ಕುಳಿತುಕೊಳ್ಳಲು ಹೇಳಿದ, ನೀರು ಬೆಲ್ಲ ತರಿಸಿದ. ಆಮೇಲೆ ನೆಲ ನೋಡುತ್ತ ಹೇಳಿದ:

"ನೀವು ಬರ್ದದ್ದು ನನ್ನ ಮಗನ ಮೊಬೈಲಿಗೇ ಬಂತು ಅಕ್ಕೋರೆ. ಅಂವ ಓದಿ ನನ್ನ ಮುಖ ನೋಡ್ದ. ನಾನೆಂತ ಹೇಳೂದು? ತಂಗಿ ಅಲ್ಲಿ ಯಾರ್ದೋ ಮನೆಲಿ ಕೆಲ್ಸಕ್ಕದೆ ಹೇಳಿ ಇಷ್ಟ್ ವರ್ಷ ನಾಲ್ಕ್ ಜನಕ್ಕೆ ಹೇಳ್ಕಂಡ್ ಬಂದೆ." ಮತ್ತೆ ಶೇವಂತಿಯ ಕಡೆ ತಿರುಗಿ ಕೇಳಿದ: "ನೀನಾದ್ರೂ ಹೇಳು. ಅವ್ಳು ನಿಂಗೆ ಎಂತಾಗ್ಬೇಕು?"

ಶೇವಂತಿ ಬಾಯಿ ತೆರೆದಳು. ಆಗ ನಾನು ಇನ್ನೊಂದು ತಪ್ಪು ಮಾಡಿದೆ. ಅವಳ ಪರವಾಗಿ ನಾನು ಮಾತನಾಡಿದೆ. ವಯಸ್ಕರಿಗೆ ತಮ್ಮ ಜೊತೆಗಾರರನ್ನು ಆರಿಸಿಕೊಳ್ಳುವ ಹಕ್ಕಿದೆ, ಕೋರ್ಟು ಹೀಗೆ ಹೇಳಿದೆ, ಸಂವಿಧಾನದಲ್ಲಿ ಹೀಗಿದೆ. ಒಂದು ಪೂರ್ತಿ ಪಾಠ. ಗಣಪು ಗದರಿಸಿಕೊಂಡ ವಿದ್ಯಾರ್ಥಿಯ ಹಾಗೆ ಕೈಕಟ್ಟಿ ಕೇಳಿದ.

ಬಾಗಿಲಿನ ಒಳಗಿಂದ ನಾಗವೇಣಿ ಹೊರಗೆ ಬಂದಳು. ಎರಡು ವಾರದಲ್ಲಿ ಬಡಕಲಾಗಿದ್ದಳು. "ಅಕ್ಕೋರೆ, ಸಾಕು" ಎಂದಳು. ಶೇವಂತಿಯ ಹತ್ತಿರ ಬಂದು ನಿಂತಳು, ಮುಟ್ಟಲಿಲ್ಲ. "ಉಂಡ್ಕಂಡ್ ಬಂದ್ಯಾ?" ಎಂದು ಕೇಳಿದಳು. ಶೇವಂತಿ ಇಲ್ಲ ಎಂದು ತಲೆ ಅಲ್ಲಾಡಿಸಿದಳು.

"ಉಂಡ್ಕಂಡ್ ಹೋಗಿ. ನಾ ಇವತ್ತ್ ಬರೂದಿಲ್ಲ."

"ಎಂತಕ್ಕೆ?" ಶೇವಂತಿ ಕೇಳಿದಳು.

"ಅಣ್ಣ ಕರ್ಕಂಡ್ ಹೋದ, ಅಕ್ಕೋರು ಕರ್ಕಂಡ್ ಬಂದ್ರು ಹೇಳಿ ಆಗೂದ್ ಬ್ಯಾಡ. ನಂಗೆ ಕಾಲದೆ. ಅವ್ವಿಗೆ ಕಣ್ಣಿನ ಆಪ್ರೇಶನ್ ಅದೆ, ಅದ್ ಮುಗೀಲಿ. ನಾನೇ ಬತ್ತೆ."

ನಾವು ಮೂವರೂ, ಗಣಪು ಸಹ, ಒಂದೇ ಸಾಲಿನಲ್ಲಿ ಕೂತು ಊಟ ಮಾಡಿದೆವು. ಬಡಿಸಿದ್ದು ನಾಗವೇಣಿ. ಶೇವಂತಿಯ ಎಲೆಗೆ ಕೇಳದೆ ಎರಡನೆಯ ಸಲ ಅನ್ನ ಹಾಕಿದ್ದನ್ನು ಗಣಪು ನೋಡಿದ.

ಹನ್ನೊಂದು ದಿನದ ಮೇಲೆ ನಾಗವೇಣಿ ಒಂದು ಬಟ್ಟೆಯ ಚೀಲ ಹಿಡಿದು ಒಬ್ಬಳೇ ಬಸ್ಸಿಳಿದು ಬೇಲೆಕೇರಿಗೆ ನಡೆದು ಬಂದಳಂತೆ. ಊರಿನ ಹಗಲು ಬೆಳಕಿನಲ್ಲಿ, ಮೀನಿನ ಹರಾಜು ನಡೆಯುವ ಹೊತ್ತಿನಲ್ಲಿ, ಅದರ ನಡುವೆಯೇ ಹಾದು. ಹೊತ್ತನ್ನು ಬೇಕೆಂದೇ ಆರಿಸಿಕೊಂಡಿದ್ದಳು ಎಂದು ಆಮೇಲೆ ಗೊತ್ತಾಯಿತು.

ಆದರೆ ನಾನು ಹಾಳುಮಾಡಿದ್ದು ಅಷ್ಟಕ್ಕೇ ಸರಿಹೋಗಲಿಲ್ಲ. ಕೆಲವು ಮನೆಗಳವರು ಶೇವಂತಿಯಿಂದ ಮೀನು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದರು. ಕೆಲವರು ವರ್ಷ ಕಳೆದ ಮೇಲೆ ಮತ್ತೆ ಕರೆದರು, ಕೆಲವರು ಕರೆಯಲೇ ಇಲ್ಲ. ನಾನು ಶೇವಂತಿ, ನಾಗವೇಣಿಯ ಮನೆಗೆ ಹೋಗುವುದನ್ನು ಬಿಟ್ಟೆ. ನಾಚಿಕೆಯಾಗುತ್ತಿತ್ತು. ಶೇವಂತಿ ಮಾತ್ರ ಅಮ್ಮನಿಗೆ ಮೀನು ತರುವುದನ್ನು ಬಿಡಲಿಲ್ಲ. ನಾನು ಒಳಗೆ ಕೂತಿದ್ದರೆ ಹೊರಗಿನಿಂದಲೇ "ಅಕ್ಕೋರೆ, ಬಾಂಗ್ಡೆ ಲಾಯ್ಕ್ ಅದೆ, ಹೊರಗ್ ಬನ್ನಿ" ಎಂದು ಕೂಗುತ್ತಿದ್ದಳು. ನಿಧಾನಕ್ಕೆ ಹೊರಗೆ ಬಂದೆ.

ಎರಡು ವರ್ಷದ ಮೇಲೆ ನಾಗವೇಣಿಗೆ ಗರ್ಭಕೋಶದ ಆಪರೇಶನ್ ಆಯಿತು. ಆಸ್ಪತ್ರೆಯಲ್ಲಿ ಸಹಿ ಹಾಕಲು ಮನೆಯವರು ಬೇಕು ಎಂದರು. ಶೇವಂತಿ ಮುಂದೆ ಹೋದಾಗ "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದರು. ಅಕ್ಕ ಎಂದಳು. ಕಾಗದ ತೋರಿಸಿ ಎಂದರು. ಕಾಗದದಲ್ಲಿ ಇಬ್ಬರ ಅಪ್ಪನ ಹೆಸರು ಬೇರೆ, ಊರು ಬೇರೆ, ರೇಶನ್ ಕಾರ್ಡು ಬೇರೆ. ಕೊನೆಗೆ ಗಣಪು ರಾಮನಗುಳಿಯಿಂದ ಬಂದು ಸಹಿ ಹಾಕುವವರೆಗೆ ಆಪರೇಶನ್ ಒಂದು ದಿನ ತಡವಾಯಿತು. ಶೇವಂತಿ ಆ ದಿನವಿಡೀ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು.

ನಾಗವೇಣಿ ಎದ್ದು ಓಡಾಡುವಂತಾದ ಮೇಲೆ ಇಬ್ಬರೂ ನಮ್ಮ ಮನೆಗೆ ಬಂದರು. ನಾಗವೇಣಿಯೇ ಮಾತು ತೆಗೆದಳು.

"ಬರ್ದು ಹಾಳ್ ಮಾಡಿದ್ರಿ ಅಕ್ಕೋರೆ. ಈಗ ಬರ್ದು ಸರಿ ಮಾಡಿ. ನನ್ನ ಹೆಸ್ರು ಇವ್ಳ ಕಾರ್ಡಿಗೆ ಬರ್ಬೇಕು. ಅರ್ಜಿ ಬರ್ಕೊಡಿ."

ನನಗೆ ಅದಕ್ಕಿಂತ ದೊಡ್ಡ ಕ್ಷಮೆ ಸಿಗಲಿಕ್ಕಿಲ್ಲ. ಒಂದೇ ಮನೆಯಲ್ಲಿ ಹೀಗೆ ಬದುಕುವ 'ಕ್ವಿಯರ್' ಜೋಡಿಗಳನ್ನು ರೇಶನ್ ಕಾರ್ಡಿನ ಮಟ್ಟಿಗೆ ಒಂದೇ ಕುಟುಂಬವೆಂದು ಕಾಣಬೇಕೆಂದು ಕೇಂದ್ರದಿಂದ ರಾಜ್ಯಗಳಿಗೆ ಪತ್ರ ಬಂದದ್ದು ನನಗೆ ಗೊತ್ತಿತ್ತು. ಪ್ರತಿ ತೆಗೆಸಿ ಅವರಿಗೆ ಓದಿ ಅರ್ಥ ಹೇಳಿದೆ. ಇಬ್ಬರೂ ಗಮನವಿಟ್ಟು ಕೇಳಿದರು. ಆಮೇಲೆ ನಾಗವೇಣಿ ಅಂದಳು: "ಒಳ್ಳೇದೇ ಆತು. ಆದ್ರೆ ಅದ್ರಲ್ಲಿದ್ದ ಶಬ್ದ ನಮ್ದಲ್ಲ. ಆ ಶಬ್ದದ ಕೆಳ್ಗೆ ನಾ ಹೆಬ್ಬೆಟ್ಟು ಒತ್ತೂದಿಲ್ಲ. ಬೇಕಾದೋರು ಒತ್ಲಿ, ಬ್ಯಾಡ ಹೇಳೂದಿಲ್ಲ."

ನಾನು ಇಷ್ಟು ವರ್ಷ ಓದಿದ ವಾದಗಳನ್ನೆಲ್ಲ ಆ ಮಾತು ಅಲ್ಲಾಡಿಸಿತು. ಕೊಡುವವರು ಹಕ್ಕಿನ ಜೊತೆ ಒಂದು ಹೆಸರನ್ನೂ ಕೊಡುತ್ತಾರೆ. ಹಕ್ಕು ಬೇಕು, ಹೆಸರು ಬೇಡ ಎನ್ನುವವರಿಗೆ ಜಾಗವೆಲ್ಲಿ? ಸ್ಮಿತಾ, ಈ ಪ್ರಶ್ನೆ ನೋಟ್ಸಿನಲ್ಲಿದೆ. ಆದರೆ ಅದು ಬೆಲೆ ಬಾಳುವ ಪ್ರಶ್ನೆ ಎಂದು ನನಗೆ ಗೊತ್ತಾದದ್ದು ಆ ದಿನ, ನಮ್ಮ ಜಗಲಿಯಲ್ಲಿ.

ಅಂಕೋಲೆಯ ತಾಲೂಕು ಕಚೇರಿಯ ಗುಮಾಸ್ತ ಒಳ್ಳೆಯವನೇ. "ಒಂದೇ ಒಲೆಯಲ್ಲಿ ಅಡುಗೆ ಆಗ್ತದೆ ಅಂತ ಪಂಚಾಯತಿ ಬರೆದುಕೊಟ್ಟರೆ ನಾನು ಮುಂದೆ ಕಳಿಸ್ತೇನೆ ಮೇಡಂ" ಎಂದ. ಪಂಚಾಯತಿ ಕಾರ್ಯದರ್ಶಿ, ಊರಲ್ಲಿ ಮಾತಾಗಿರುವ ವಿಷಯ, ಗ್ರಾಮಸಭೆ ಒಪ್ಪಲಿ ಎಂದರು. ಅಂದರೆ ಊರವರ ಎದುರಿಗೆ ನಿಂತು ಕೇಳಬೇಕು. ನಾನು ಬೇಡವೆಂದೆ. ಬೇರೆ ದಾರಿ ಹುಡುಕೋಣ, ಇನ್ನೊಮ್ಮೆ ನಿಮ್ಮನ್ನು ಜನರ ಬಾಯಿಗೆ ಹಾಕುವುದು ಬೇಡ ಎಂದೆ.

ಶೇವಂತಿ ಒಪ್ಪಲಿಲ್ಲ. "ಆವಾಗ ನಮ್ಮನ್ ಕೇಳ್ದೆ ಹೇಳಿದ್ರು. ಈಗ ನಾವೇ ಹೇಳಿದ್ರೆ ಎಂತ? ನೀವೂ ಬನ್ನಿ. ಹಿಂದೆ ಕುಂತ್ಕಳಿ. ಒಂದೇ ಮಾತು, ನೀವ್ ಬಾಯ್ ಬಿಡೂಕಿಲ್ಲ."

ಗ್ರಾಮಸಭೆ ಶಾಲೆಯ ಸಭಾಂಗಣದಲ್ಲಿತ್ತು. ನಾನು ಕೊನೆಯ ಸಾಲಿನಲ್ಲಿ ಕೂತೆ. ಚರಂಡಿ, ಬೀದಿದೀಪ, ಮೀನು ಒಣಗಿಸುವ ಕಟ್ಟೆಯ ವಿಷಯ ಮುಗಿದ ಮೇಲೆ ಶೇವಂತಿ ಎದ್ದು ನಿಂತಳು. ಮೀನು ಮಾರುವಾಗ ನಾಲ್ಕು ಮನೆಗೆ ಕೇಳುವ ದನಿ ಆ ದಿನ ತಗ್ಗಿತ್ತು.

"ನಮ್ಮನೆಲಿ ಒಲೆ ಒಂದೇ. ಅನ್ನ ಬೇಯೂದು ಒಂದೇ ಪಾತ್ರೆಲಿ. ಇಪ್ಪತ್ ವರ್ಷದ ಹತ್ರ ಆತು. ಇವ್ಳ ಹೆಸ್ರು ಮಾತ್ರ ರಾಮನಗುಳಿ ಕಾರ್ಡಲ್ಲದೆ. ಅದು ನನ್ನ ಕಾರ್ಡಿಗೆ ಬರೂಕೆ ಸಭೆ ಒಪ್ಪಬೇಕಂತೆ. ಕೇಳೂಕೆ ಬಂದೆ."

ಸದಸ್ಯರೊಬ್ಬರು, "ಅದ್ ಸರಿ ಶೇವಂತಿ. ಕಾಗದಕ್ಕೆ ಬೇಕಲ್ಲ, ಇವ್ಳು ನಿಂಗೆ ಎಂತಾಗ್ಬೇಕು?" ಎಂದರು.

ಹಿಂದಿನಿಂದ ಯಾರೋ "ಪೇಪರ್ನಲ್ಲಿ ಬಂದಿತ್ತಲ್ಲ!" ಎಂದು ಕೂಗಿದರು. ನಗು ಹಬ್ಬಿತು. ನಾನು ಬೆಂಚಿನ ಅಂಚನ್ನು ಹಿಡಿದುಕೊಂಡೆ. ಏಳಬೇಕೆನಿಸಿತು. ಏಳಲಿಲ್ಲ. ಮೂವತ್ತೊಂದು ವರ್ಷದ ನೌಕರಿಯಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ ಆ ದಿನ ಸುಮ್ಮನೆ ಕೂತದ್ದು.

ಶೇವಂತಿ ನಗು ಇಳಿಯುವ ತನಕ ಕಾದಳು. "ಪೇಪರ್ನಲ್ಲಿ ಅಕ್ಕೋರು ಬರ್ದದ್ದು. ಈಗ ನಾ ಹೇಳ್ತೆ. ಇವ್ಳು ನಂಗೆ ನಾಗವೇಣಿ ಆಗ್ಬೇಕು."

ಹೆಂಗಸರ ಸಾಲಿನಿಂದ ಬುದವಂತಿ ಎಂಬ ಅಜ್ಜಿ ಕೋಲು ಊರಿ ಎದ್ದಳು. ಕೂಗಿದವನ ಕಡೆ ತಿರುಗಿದಳು.

"ನಗೂದೆಂತಕ್ಕೋ? ನಿನ್ನವ್ವಿ ಹಾಸ್ಗೆ ಹಿಡ್ದಾಗ ಮೈ ಒರಸೂಕೆ ದಿನಾ ಬಂದೋಳು ಯಾರು? ಇದೇ ನಾಗವೇಣಿ. ಆವಾಗ ಎಂತಾಗ್ಬೇಕು ಹೇಳಿ ಕೇಳಿದ್ಯಾ? ಒಲೆ ಒಂದೇ ಹೌದೋ ಅಲ್ವೋ ಹೇಳಿ ನಂಗ್ ಕೇಳಿ. ನಂದು ಪಕ್ಕದ ಮನೆ. ಒಂದೇ ಹೊಗೆ ಏಳೂದು."

ಒಬ್ಬೊಬ್ಬರಾಗಿ ಹೆಂಗಸರು ಹೌದು ಹೌದು ಎಂದರು. ಗಂಡಸರಲ್ಲಿ ಕೆಲವರು ಎದ್ದು ಹೋದರು, ಅದನ್ನೂ ಹೇಳಬೇಕು. ಉಳಿದವರು ಕೈ ಎತ್ತಿದರು. ಕಾರ್ಯದರ್ಶಿ ಬರೆದುಕೊಂಡರು.

ರಾಮನಗುಳಿಯ ಕಾರ್ಡಿನಿಂದ ಹೆಸರು ತೆಗೆಸಲು ಗಣಪುವೇ ಅಂಕೋಲೆಗೆ ಬಂದ. ಗುಮಾಸ್ತ ಕೇಳಿದ ಕಡೆಯೆಲ್ಲ ಸಹಿ ಹಾಕಿದ. ಹೊರಗೆ ಬಂದು ಶೇವಂತಿಯ ಕೈಗೆ ಒಂದು ಚೀಲ ಕೆಂಪಕ್ಕಿ ಕೊಟ್ಟ. "ಅವ್ಳಿಗೆ ಇದೇ ಅಕ್ಕಿ ಆಗ್ಬೇಕು. ನಿಂಗ್ ಗೊತ್ತಿದ್ದದ್ದೇ" ಎಂದು ಬಸ್ಸಿಗೆ ನಡೆದ.

ಕಾರ್ಡು ಬಂದ ದಿನ ಇಬ್ಬರೂ ನಮ್ಮ ಮನೆಗೆ ತಂದರು. ಓದಲು ನನ್ನ ಕೈಗೆ ಕೊಟ್ಟರು. ಯಜಮಾನಿಯ ಹೆಸರು ಶೇವಂತಿ. ಎರಡನೆಯ ಸಾಲಿನಲ್ಲಿ ನಾಗವೇಣಿ. ಸಂಬಂಧದ ಖಾನೆಯಲ್ಲಿ ಯಂತ್ರ ಅಚ್ಚು ಹಾಕಿದ್ದು: ಇತರೆ.

ಅದನ್ನು ಓದಿ ಹೇಳಿದೆ. ಇಷ್ಟೆಲ್ಲ ಆದ ಮೇಲೆ ಸಿಕ್ಕಿದ್ದು ಇಷ್ಟೇ ಎಂದು ನೋವಾಯಿತು.

"ಇತರೆ ಅಂದ್ರೆ ಎಂತದು ಅಕ್ಕೋರೆ?" ಎಂದು ನಾಗವೇಣಿ ಕೇಳಿದಳು.

"ತಾಯಿ, ಮಗಳು, ಅಕ್ಕ, ತಂಗಿ ಇವೆಲ್ಲ ಬಿಟ್ಟು ಉಳಿದದ್ದು."

ನಾಗವೇಣಿ ಕಾರ್ಡನ್ನು ತೆಗೆದುಕೊಂಡು ಆ ಅಕ್ಷರಗಳ ಮೇಲೆ ಬೆರಳಿಟ್ಟಳು. ಶೇವಂತಿಯ ಕಡೆ ನೋಡಿ ನಕ್ಕಳು. ಅವಳು ನಗುವುದನ್ನು ನಾನು ನೋಡಿದ್ದು ಕಡಿಮೆ.

"ಕೇಳ್ದ್ಯೇನೇ? ಉಳ್ದದ್ದೆಲ್ಲಾ ನಾನೇ ಅಂತೆ."

ಇದಾದ ಮೇಲೆ ನಾನು ಒಂದೂವರೆ ವರ್ಷ ಪಾಠ ಮಾಡಿದೆ. ಆ ಒಂದೂವರೆ ವರ್ಷದ ಪಾಠ ಚೆನ್ನಾಗಿತ್ತು ಎಂದು ವಿದ್ಯಾರ್ಥಿಗಳು ಹೇಳಿದರು. ಯಾರದಾದರೂ ಬದುಕಿನ ಬಗ್ಗೆ ಬರೆದರೆ ಅದನ್ನು ಮೊದಲು ಅವರಿಗೆ ಅವರ ಮಾತಿನಲ್ಲಿ ಓದಿ ಹೇಳಬೇಕು, ಬೇಡ ಎಂದದ್ದನ್ನು ವಾದ ಮಾಡದೆ ತೆಗೆಯಬೇಕು ಎನ್ನುವುದನ್ನು ವಿಭಾಗದ ನಿಯಮ ಮಾಡಿಸಿದೆ. ಅದರಿಂದ ಬರಹ ತೆಳುವಾಗುತ್ತದೆ ಎಂದು ಕೆಲವರು ಆಕ್ಷೇಪಿಸಿದರು. ಆಗಲಿ ಎಂದೆ.

ಈ ಬರಹವನ್ನೂ ಹೋದ ಗುರುವಾರ ಬೇಲೆಕೇರಿಗೆ ತೆಗೆದುಕೊಂಡು ಹೋಗಿ ಇಬ್ಬರಿಗೂ ಓದಿದೆ. ಶೇವಂತಿ, ನಾಗವೇಣಿ ಎನ್ನುವುದು ಅವರೇ ಆರಿಸಿಕೊಂಡ ಹೆಸರುಗಳು. ಅದಕ್ಕಾಗಿ ಅರ್ಧ ಗಂಟೆ ಜಗಳವಾಡಿ ನಕ್ಕರು. ಊರಿನ ಹೆಸರು ಮಾತ್ರ ಬದಲಾಯಿಸಬೇಡಿ, ಸಭೆ ನಡೆದದ್ದು ಬೇಲೆಕೇರಿಯಲ್ಲೇ ಅಲ್ಲವೇ ಎಂದರು. ಪೂರ್ತಿ ಓದಿ ಮುಗಿಸಿದೆ. ನಾಗವೇಣಿ, "ಒಂದ್ ಸಾಲು ತೆಗೀಬೇಕು ಅಕ್ಕೋರೆ" ಎಂದಳು. ಯಾವುದು ಎಂದು ಕೇಳಿದೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಶೇವಂತಿ ಅವಳಿಗಾಗಿ ಮಾಡಿದ ಒಂದು ಸಣ್ಣ ಕೆಲಸದ ಬಗ್ಗೆ ನಾನು ಬರೆದ ಸಾಲು. ಈ ಇಡೀ ಬರಹದಲ್ಲಿ ಅಷ್ಟು ಚೆಂದದ ಸಾಲು ಬೇರೆ ಇರಲಿಲ್ಲ.

"ಅದು ನಮ್ದು" ಎಂದಳು.

ಪೆನ್ನು ತೆಗೆದು ಅವಳ ಎದುರಿಗೇ ಅದನ್ನು ಹೊಡೆದುಹಾಕಿದೆ.